ಕ್ವಾಂಟಂ ಕಂಪೈಲರ್ ಕಟ್ಟೋಕೆ ಯಾವ ಬುನಾದಿ? ಕ್ವಿಸ್ಕಿಟ್, ಟಿಕೆಟ್, ಎಂಎಲ್‌ಐಆರ್, ಕ್ಯೂಐಆರ್: ಯಾರಿಗೆ ಯಾವುದು

ದಾವಣಗೆರೆಯಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಆರಿಸುವ ಹೊತ್ತು ಬಂದರೆ ಸಾಕು, ಈಗ ಯಾರಾದರೂ ಒಬ್ಬರು ಕ್ವಾಂಟಂ ಅನ್ನುತ್ತಾರೆ. ಬಹಳಷ್ಟು ತಂಡಗಳು ಗ್ರೋವರ್ ಹುಡುಕಾಟದ ಒಂದು ಪುಟ್ಟ ಸರ್ಕ್ಯೂಟ್ ಓಡಿಸಿ, ಬಂದ ಗ್ರಾಫ್ ಅಂಟಿಸಿ, ರಿಪೋರ್ಟ್ ಬೈಂಡ್ ಮಾಡಿಸಿ ಮುಗಿಸುತ್ತವೆ. ಅದು ತಪ್ಪಲ್ಲ. ಆದರೆ ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಕೈತುಂಬ ಕೆಲಸ ಇರುವ ಜಾಗ ಬೇರೆ ಇದೆ. ಅದು ಕಂಪೈಲರ್, ಅಂದರೆ ನಾವು ಬರೆದ ಪ್ರೋಗ್ರಾಂ ಅನ್ನು ಯಂತ್ರಕ್ಕೆ ಹೊಂದುವ ಆದೇಶಗಳಾಗಿ ಬದಲಿಸುವ ಸಾಫ್ಟ್‌ವೇರ್. ಚಿಪ್ ಮಾಡಲು ಹೊರಟರೆ ಕೋಟಿಗಟ್ಟಲೆ ಬೆಲೆಯ ಶೀತಲ ಯಂತ್ರ ಬೇಕು, ಲ್ಯಾಬ್ ಬೇಕು. ಕಂಪೈಲರ್ ಬರೆಯಲು ಒಂದು ಲ್ಯಾಪ್‌ಟಾಪ್ ಮತ್ತು ಡೇಟಾ ಸ್ಟ್ರಕ್ಚರ್ಸ್ ಚೆನ್ನಾಗಿ ಗೊತ್ತಿರುವ ತಲೆ ಬೇಕು, ಅಷ್ಟೇ. ಬಿಐಇಟಿ, ಯುಬಿಡಿಟಿಯಲ್ಲಿ ಓದುವವರಿಗೂ ಅಮೆರಿಕದಲ್ಲಿ ಓದುವವರಿಗೂ ಈ ಒಂದು ವಿಷಯದಲ್ಲಿ ಸಾಮಾನು ಒಂದೇ.

ದೇಶದ ಕಡೆಯಿಂದ ನೋಡಿದರೂ ಇದು ಸರಿಯಾದ ಕಾಲ. ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ 6,003.65 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. 2030-31ರ ಒಳಗೆ 50ರಿಂದ 1,000 ಕ್ಯೂಬಿಟ್‌ಗಳ (ಕ್ವಾಂಟಂ ಯಂತ್ರದ ಮೂಲ ಬಿಟ್‌ಗಳು) ಯಂತ್ರಗಳನ್ನು ಇಲ್ಲೇ ಮಾಡಬೇಕು ಅನ್ನುವುದು ಗುರಿ. ಅದರ ಕ್ವಾಂಟಂ ಕಂಪ್ಯೂಟಿಂಗ್ ಕೇಂದ್ರ ಇರುವುದು ಬೆಂಗಳೂರಿನ ಐಐಎಸ್‌ಸಿಯಲ್ಲಿ. ಅದೇ ಬೆಂಗಳೂರಿನ ಕ್ಯೂಪಿಎಐ ಕಂಪನಿ 2025ರಲ್ಲಿ 25 ಕ್ಯೂಬಿಟ್‌ಗಳ ಇಂಡಸ್ ಯಂತ್ರವನ್ನು ಹೊರತಂದಿತು. ಕ್ಯೂಬಿಟ್ ಮಾಡಿರುವುದು ಸೂಪರ್‌ಕಂಡಕ್ಟರ್‌ನಿಂದ ಆಗಲಿ, ಅಯಾನ್‌ನಿಂದ ಆಗಲಿ, ಬೆಳಕಿನ ಕಣದಿಂದ ಆಗಲಿ, ಇಂಥ ಪ್ರತಿ ಯಂತ್ರಕ್ಕೂ ಯಾರಾದರೂ ಕಂಪೈಲರ್ ಬರೆಯಲೇಬೇಕು, ಅಲ್ವಾ? ಬರೆಯುವವರು ಯಾವ ಬುನಾದಿಯ ಮೇಲೆ ಕಟ್ಟಬೇಕು ಅನ್ನುವುದಷ್ಟೇ ಇಲ್ಲಿನ ಮಾತು.

ಮೊದಲು ಉತ್ತರ

ಓದುವಷ್ಟು ಪುರುಸೊತ್ತು ಇಲ್ಲದವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪ್ರೋಗ್ರಾಂ ಅಂದರೆ ಶುರುವಿನಿಂದ ಕೊನೆವರೆಗೆ ಮೊದಲೇ ಗೊತ್ತಿರುವ ಒಂದು ಸರ್ಕ್ಯೂಟ್ (ಕ್ಯೂಬಿಟ್‌ಗಳ ಮೇಲೆ ನಡೆಸುವ ಗೇಟ್‌ಗಳ, ಅಂದರೆ ಕ್ರಿಯೆಗಳ ಸಾಲು) ಆಗಿದ್ದರೆ, ಐಬಿಎಂನ ಕ್ವಿಸ್ಕಿಟ್ ಹಿಡಿಯಿರಿ. ಬೇರೆ ಬೇರೆ ಕಂಪನಿಗಳ ಯಂತ್ರಗಳ ಮೇಲೆ ಓಡಬೇಕು, ಅದರಲ್ಲೂ ಅಯಾನ್ ಯಂತ್ರಗಳ ಮೇಲೆ ಓಡಬೇಕು ಅಂದರೆ ಕ್ವಾಂಟಿನ್ಯುಯಂ ಕಂಪನಿಯ ಟಿಕೆಟ್ (TKET). ಪ್ರೋಗ್ರಾಂನಲ್ಲಿ ಲೂಪ್, ಷರತ್ತು, ನಡುವೆ ಅಳೆದು ಮುಂದಿನದನ್ನು ನಿರ್ಧರಿಸುವುದು ಇವೆಲ್ಲ ಬೆರೆತಿದ್ದರೆ, ಮುಂದೆ ಕಂಪನಿ ಮಟ್ಟಕ್ಕೆ ಬೆಳೆಸುವ ಆಸೆ ಇದ್ದರೆ, ಎಂಎಲ್‌ಐಆರ್ ಅನ್ನುವ ಕಂಪೈಲರ್ ಚೌಕಟ್ಟಿನ ದಾರಿ, ಅಂದರೆ ಅದರ ಮೇಲೆ ಕಟ್ಟಿದ ಕ್ಯಾಟಲಿಸ್ಟ್ ಅಥವಾ ಕುಡಾ-ಕ್ಯೂ. ಕ್ಯೂಐಆರ್ ಇವುಗಳಿಗೆ ಪೈಪೋಟಿ ಅಲ್ಲ, ಅದು ಕಂಪೈಲರ್‌ನ ಹೊರಬಾಗಿಲು, ಅಂದರೆ ಕೊನೆಗೆ ಹೊರಬರುವ ಕೋಡ್‌ನ ರೂಪ. ಎಲ್ಲವನ್ನೂ ಸೊನ್ನೆಯಿಂದ ನಾವೇ ಬರೆಯೋಣ ಅನ್ನುವುದು ಕಲಿಯಲು ಒಳ್ಳೆಯದು, ಬಳಕೆಗೆ ಅಲ್ಲ.

ಆರಿಸುವಾಗ ನೋಡಬೇಕಾದ್ದು ಭಾಷೆ ಚೆನ್ನಾಗಿದೆಯಾ, ಡಾಕ್ಯುಮೆಂಟೇಶನ್ ಚೆಂದ ಇದೆಯಾ ಅನ್ನುವುದು ಮಾತ್ರ ಅಲ್ಲ. ಮೂಲ ಕೋಡ್‌ಗೂ ಯಂತ್ರಕ್ಕೂ ನಡುವೆ ಪ್ರೋಗ್ರಾಂ ಯಾವ ರೂಪದಲ್ಲಿ ಇರುತ್ತದೆ, ಅಂದರೆ ಅದರ ಐಆರ್ (ಇಂಟರ್‌ಮೀಡಿಯೆಟ್ ರೆಪ್ರೆಸೆಂಟೇಶನ್, ನಡುವಿನ ರೂಪ) ಯಾವುದು ಅನ್ನುವುದೇ ಎಲ್ಲಕ್ಕಿಂತ ದೊಡ್ಡ ವಿಷಯ. ಉಳಿದದ್ದನ್ನೆಲ್ಲ ಆಮೇಲೆ ಬದಲಾಯಿಸಬಹುದು. ಐಆರ್ ಬದಲಾಯಿಸಿದರೆ ಬರೆದ ಪಾಸ್‌ಗಳೆಲ್ಲ (ಪ್ರೋಗ್ರಾಂ ಮೇಲೆ ಒಂದೊಂದು ಬದಲಾವಣೆ ಮಾಡುವ ಹಂತಗಳು) ಮತ್ತೆ ಮೊದಲಿಂದ.

ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರು, ಹಾಗಾಗಿ ಇಲ್ಲಿನವರಿಗೆ ಇದನ್ನು ನೂಲಿನಿಂದ ಹೇಳುವುದು ಸುಲಭ. ನೂಲಿಗೆ ಒಂದು ನಂಬರು ಇರುತ್ತದೆ. ನೂಲುವವರು ಯಾರೋ, ನೇಯುವವರು ಯಾರೋ, ಒಬ್ಬರಿಗೊಬ್ಬರ ಪರಿಚಯವೂ ಬೇಕಿಲ್ಲ, ನಂಬರು ಹೊಂದಿದರೆ ಮಗ್ಗ ನಡೆಯುತ್ತದೆ. ಐಆರ್ ಮಾಡುವ ಕೆಲಸವೂ ಅದೇ. ಐದು ಭಾಷೆ, ಆರು ಯಂತ್ರ ಇದ್ದು ನಡುವೆ ಸಾಮಾನ್ಯ ರೂಪ ಇಲ್ಲದಿದ್ದರೆ 30 ಅನುವಾದಕ ಬರೆಯಬೇಕು. ಒಂದು ಐಆರ್ ಇದ್ದರೆ 11 ಸಾಕು. ಏಳನೇ ಯಂತ್ರ ಬಂದಾಗ ಮೊದಲನೇ ತಂಡ ಐದು ಹೊಸದು ಬರೆಯುತ್ತದೆ, ಎರಡನೇ ತಂಡ ಒಂದು.

ಒಂದೇ ಗೇಟ್ ತೆಗೆದುಕೊಂಡು ನೋಡೋಣ

ಕ್ವಾಂಟಂ ಕಂಪೈಲರ್ ಅಂದರೆ ಸುಮ್ನೆ ಒಂದು ಭಾಷೆಯಿಂದ ಇನ್ನೊಂದಕ್ಕೆ ತಿರುಗಿಸುವುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮೂರು ಕ್ಯೂಬಿಟ್‌ಗಳು ಒಂದು ಸಾಲಿನಲ್ಲಿವೆ ಅನ್ನಿ: 0, 1, 2. ಪಕ್ಕಪಕ್ಕದವು ಮಾತ್ರ ಒಟ್ಟಿಗೆ ಕೆಲಸ ಮಾಡಬಲ್ಲವು. ನಿಮ್ಮ ಪ್ರೋಗ್ರಾಂ 0 ಮತ್ತು 2ರ ನಡುವೆ ಒಂದು ಸಿ-ನಾಟ್ (ಮೊದಲ ಕ್ಯೂಬಿಟ್ 1 ಇದ್ದರೆ ಎರಡನೆಯದನ್ನು ಮಗುಚುವ ಗೇಟ್) ಕೇಳುತ್ತದೆ. ಅವು ಪಕ್ಕದಲ್ಲಿಲ್ಲ. ಒಂದು ದಾರಿ: 1 ಮತ್ತು 2ನ್ನು ಸ್ವ್ಯಾಪ್, ಅಂದರೆ ಅದಲುಬದಲು ಮಾಡಿ, ಆಮೇಲೆ ಪಕ್ಕದಲ್ಲಿ ಸಿ-ನಾಟ್ ಹಾಕುವುದು. ಒಂದು ಸ್ವ್ಯಾಪ್‌ಗೆ ಮೂರು ಸಿ-ನಾಟ್ ಬೇಕು, ಹಾಗಾಗಿ ಒಟ್ಟು ನಾಲ್ಕು. ಇನ್ನೊಂದು ದಾರಿ: 0ರಿಂದ 1ಕ್ಕೆ, 1ರಿಂದ 2ಕ್ಕೆ, ಮತ್ತೆ 0ರಿಂದ 1ಕ್ಕೆ, ಮತ್ತೆ 1ರಿಂದ 2ಕ್ಕೆ ಸಿ-ನಾಟ್. ಪೇಪರ್ ಮೇಲೆ ಬರೆದು ನೋಡಿ, 0ರಿಂದ 2ಕ್ಕೆ ಹಾಕಿದ್ದೇ ಸಿಗುತ್ತದೆ, ಅಲ್ಲೂ ನಾಲ್ಕೇ. ವ್ಯತ್ಯಾಸ ಏನೆಂದರೆ ಮೊದಲ ದಾರಿಯಲ್ಲಿ ಕ್ಯೂಬಿಟ್‌ಗಳ ಜಾಗ ಬದಲಾಯಿತು, ಎರಡನೆಯದರಲ್ಲಿ ಇದ್ದಲ್ಲೇ ಇವೆ. ಯಾವುದು ಒಳ್ಳೆಯದು? ಮುಂದೆ ಬರುವ ಗೇಟ್‌ಗಳು ಯಾವುವು ಅನ್ನುವುದರ ಮೇಲೆ ನಿಂತಿದೆ. ಆ ನಿರ್ಧಾರವನ್ನು ಸಾವಿರ ಸಲ, ಲಕ್ಷ ಸಲ ತೆಗೆದುಕೊಳ್ಳುವುದೇ ಕಂಪೈಲರ್‌ನ ಕೆಲಸ.

ಇದು ಯಾಕೆ ಅಷ್ಟು ಮುಖ್ಯ? ಒಂದು ಎರಡು-ಕ್ಯೂಬಿಟ್ ಗೇಟ್ ಶೇ. 0.5ರಷ್ಟು, ಅಂದರೆ ಇನ್ನೂರಕ್ಕೆ ಒಂದು ಸಲ ತಪ್ಪುತ್ತದೆ ಅಂತ ಇಟ್ಟುಕೊಳ್ಳಿ. ಅಂಥ 100 ಗೇಟ್ ಇದ್ದರೆ ಒಂದೂ ತಪ್ಪದೆ ಮುಗಿಯುವ ಸಾಧ್ಯತೆ ಸುಮಾರು ಶೇ. 60. ಕಂಪೈಲರ್ ಅಜಾಗರೂಕವಾಗಿ ಆ 100ನ್ನು 400 ಮಾಡಿದರೆ? ಸುಮಾರು ಶೇ. 13. ಅದೇ ಯಂತ್ರ, ಅದೇ ಅಲ್ಗಾರಿದಂ. ಮಾಮೂಲಿ ಕಂಪ್ಯೂಟರ್‌ನಲ್ಲಿ ಕೆಟ್ಟ ಕಂಪೈಲರ್ ಇದ್ದರೆ ಪ್ರೋಗ್ರಾಂ ನಿಧಾನ ಆಗುತ್ತದೆ, ಇಲ್ಲಿ ಉತ್ತರವೇ ಮಾಯ ಆಗುತ್ತದೆ.

ಈ ಜೋಡಣೆಯ ಅತಿ ಒಳ್ಳೆಯ ಉತ್ತರ ಹುಡುಕುವುದು ಎನ್‌ಪಿ-ಹಾರ್ಡ್ ಸಮಸ್ಯೆ, ಅಂದರೆ ದೊಡ್ಡದಾದಾಗ ಬೇಗ ಬಿಡಿಸುವ ದಾರಿ ಯಾರಿಗೂ ಗೊತ್ತಿಲ್ಲ. ಹಾಗಾಗಿ ಎಲ್ಲರೂ ಅಂದಾಜಿನ ಉಪಾಯಗಳನ್ನೇ ಬಳಸುತ್ತಾರೆ. 2019ರಲ್ಲಿ ಬಂದ ಸೇಬರ್ ಅನ್ನುವ ವಿಧಾನ ಇವತ್ತಿಗೂ ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ ರ‍್ಯಾಂಡಮ್ ಆಯ್ಕೆ ಇರುವುದರಿಂದ ಒಂದೇ ಸರ್ಕ್ಯೂಟ್‌ಗೆ ಸೀಡ್ (ಆ ಆಯ್ಕೆ ಶುರುವಾಗುವ ಅಂಕಿ) ಬದಲಾಯಿಸಿದರೆ ಫಲಿತಾಂಶವೂ ಬದಲಾಗುತ್ತದೆ. ಹೋಲಿಕೆ ಮಾಡುವಾಗ ಒಂದೇ ಸಲ ಓಡಿಸಿ ಇದು ಗೆದ್ದಿತು, ಅದು ಸೋತಿತು ಅನ್ನಬೇಡಿ.

ಕ್ವಿಸ್ಕಿಟ್

ಐಬಿಎಂನವರು 2017ರಲ್ಲಿ ಶುರು ಮಾಡಿದ್ದು, ಅಪಾಚೆ ಲೈಸೆನ್ಸ್, ಪೈಥಾನ್‌ನಲ್ಲಿ ಬರೆಯುವುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಮೆಟ್ಟಿಲು ನನಗೆ ಕಾಣುವುದಿಲ್ಲ. ಇದರ ಟ್ರಾನ್ಸ್‌ಪೈಲರ್ (ಸರ್ಕ್ಯೂಟ್ ಅನ್ನು ಯಂತ್ರಕ್ಕೆ ಹೊಂದಿಸುವ ಭಾಗ) ಆರು ಹಂತಗಳಲ್ಲಿ ನಡೆಯುತ್ತದೆ: ಆರಂಭ, ಲೇಔಟ್ (ಯಾವ ಕ್ಯೂಬಿಟ್ ಎಲ್ಲಿ), ರೌಟಿಂಗ್ (ದೂರದವನ್ನು ಪಕ್ಕಕ್ಕೆ ತರುವುದು), ಅನುವಾದ, ಆಪ್ಟಿಮೈಸೇಶನ್, ಶೆಡ್ಯೂಲಿಂಗ್. ಸೊನ್ನೆಯಿಂದ ಮೂರರವರೆಗೆ ಆಪ್ಟಿಮೈಸೇಶನ್ ಮಟ್ಟ ಕೊಡಬಹುದು. ಯಂತ್ರ ಹೇಗಿದೆ, ಯಾವ ಕ್ಯೂಬಿಟ್ ಯಾವುದಕ್ಕೆ ಅಂಟಿದೆ, ಪ್ರತಿ ಗೇಟ್‌ಗೆ ಎಷ್ಟು ಸಮಯ, ಎಷ್ಟು ತಪ್ಪು ಅನ್ನುವುದನ್ನೆಲ್ಲ ಟಾರ್ಗೆಟ್ ಅನ್ನುವ ಒಂದೇ ವಸ್ತುವಿನಲ್ಲಿ ತುಂಬಿ ಕೊಟ್ಟರೆ ಉಳಿದದ್ದು ಅದು ನೋಡಿಕೊಳ್ಳುತ್ತದೆ. ನಾಳೆ ನಮ್ಮದೇ ದೇಶದ ಯಂತ್ರಕ್ಕೆ ಕಂಪೈಲ್ ಮಾಡಬೇಕಾದರೂ ಬೇಗ ಶುರು ಮಾಡಲು ಇದೇ ದಾರಿ.

ಪ್ರಾಜೆಕ್ಟ್ ಮಾಡುವವರಿಗೆ ಒಂದು ಒಳ್ಳೆಯ ಸುದ್ದಿ: ಪ್ಲಗಿನ್. ನಿಮ್ಮ ಸ್ವಂತ ರೌಟಿಂಗ್ ವಿಧಾನವನ್ನು ಒಂದು ಸಣ್ಣ ಪ್ಯಾಕೇಜ್ ಆಗಿ ಬರೆದು ಬಿಟ್ಟರೆ, ಜಗತ್ತಿನ ಯಾರು ಬೇಕಾದರೂ ಅದನ್ನು ಇನ್‌ಸ್ಟಾಲ್ ಮಾಡಿಕೊಂಡು ಅದರ ಹೆಸರು ಹೇಳಿ ಬಳಸಬಹುದು. ಕ್ವಿಸ್ಕಿಟ್‌ನ ಒಂದು ಸಾಲನ್ನೂ ತಿದ್ದಬೇಕಿಲ್ಲ. ನಾಲ್ಕು ಜನರ ತಂಡ ಒಂದು ಸೆಮಿಸ್ಟರ್‌ನಲ್ಲಿ ಮಾಡಿ ತೋರಿಸಬಹುದಾದ, ಸಂದರ್ಶನದಲ್ಲಿ ಎದೆ ತಟ್ಟಿ ಹೇಳಿಕೊಳ್ಳಬಹುದಾದ ಕೆಲಸ ಇದು.

ಪೈಥಾನ್ ನಿಧಾನ ಅನ್ನುವ ದೂರು ಹಳೆಯದು. ಈಗ ಒಳಗಿನ ಭಾರದ ಕೆಲಸದ ಬಹುಪಾಲನ್ನು ಒಂದೊಂದಾಗಿ ರಸ್ಟ್ ಅನ್ನುವ ವೇಗದ ಭಾಷೆಗೆ ಸಾಗಿಸಿದ್ದಾರೆ. 2024ರ ಫೆಬ್ರವರಿಯಲ್ಲಿ 1.0 ಬಂತು, 2025ರಲ್ಲಿ 2.0 ಬಂತು. 2.0ರಲ್ಲಿ ಸಿ ಭಾಷೆಯಿಂದಲೂ ಬಳಸಲು ದಾರಿ ತೆರೆದಿದ್ದಾರೆ.

ಎಲ್ಲಿ ಕೈ ಕಟ್ಟುತ್ತದೆ? ಕ್ವಿಸ್ಕಿಟ್‌ನ ಹೃದಯದಲ್ಲಿ ಇರುವುದು ಸರ್ಕ್ಯೂಟ್, ಅಂದರೆ ಗೇಟ್‌ಗಳ ಒಂದು ಗ್ರಾಫ್. ಲೂಪ್, ಷರತ್ತು ಇಲ್ಲ ಅಂತಲ್ಲ, ಇವೆ. ಆದರೆ ಮಾಮೂಲಿ ಲೆಕ್ಕಾಚಾರವೆಲ್ಲ ಪೈಥಾನ್‌ನಲ್ಲಿ ಹೊರಗೆ ನಡೆಯುತ್ತದೆ, ಸರ್ಕ್ಯೂಟ್ ಒಳಗೆ ಬರುವುದು ಅದರ ಫಲ ಮಾತ್ರ. ಪೈಥಾನ್‌ನಲ್ಲಿ 1,000 ಸಲ ತಿರುಗುವ ಲೂಪ್ ಬರೆದು ಒಳಗೆ ಗೇಟ್ ಸೇರಿಸಿದರೆ, ಕಂಪೈಲರ್‌ಗೆ ಲೂಪ್ ಕಾಣುವುದಿಲ್ಲ, 1,000 ಪಟ್ಟು ಉದ್ದದ ಪಟ್ಟಿ ಕಾಣುತ್ತದೆ. ಇವತ್ತಿನ ಯಂತ್ರಗಳಿಗೆ ಇದು ತೊಂದರೆಯಲ್ಲ, ಯಾಕೆಂದರೆ ಅಷ್ಟು ಉದ್ದದ್ದನ್ನು ಅವು ಓಡಿಸಲಾರವು. ನಾಳೆಯ ಮಾತು ಬೇರೆ.

ಒಂದು ಎಚ್ಚರಿಕೆ. ಯೂಟ್ಯೂಬ್‌ನಲ್ಲಿ ಸಿಗುವ ಹಳೆಯ ಪಾಠಗಳಲ್ಲಿ ಎಕ್ಸಿಕ್ಯೂಟ್ ಅನ್ನುವ ಫಂಕ್ಷನ್ ಇರುತ್ತದೆ. 1.0ರಲ್ಲಿ ಅದನ್ನು ತೆಗೆದುಹಾಕಿದ್ದಾರೆ, 2.0ರಲ್ಲಿ ಪಲ್ಸ್ (ಗೇಟ್‌ನ ಹಿಂದಿನ ಸಂಕೇತಗಳನ್ನೇ ನೇರ ಬರೆಯುವ) ಭಾಗವನ್ನೂ ತೆಗೆದಿದ್ದಾರೆ. ಹಳೆಯ 0 ಸಾಲಿನ ಆವೃತ್ತಿಯ ಮೇಲೆಯೇ 1.0 ಹಾಕಿದರೆ ಕೆಡುತ್ತದೆ, ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಿ. "ಸರ್, ವಿಡಿಯೋದಲ್ಲಿ ಇರೋ ಹಾಗೇ ಟೈಪ್ ಮಾಡಿದ್ದೀನಿ, ಎರರ್ ಬರ್ತಿದೆ" ಅಂತ ಬರುವ ಹತ್ತರಲ್ಲಿ ಒಂಬತ್ತು ಜನರ ತೊಂದರೆ ಇಲ್ಲೇ ಇರುತ್ತದೆ.

ಟಿಕೆಟ್

ಕೇಂಬ್ರಿಜ್ ಕ್ವಾಂಟಂ ಅನ್ನುವ ಕಂಪನಿಯದು. ಅದು 2021ರಲ್ಲಿ ಹನಿವೆಲ್‌ನ ಕ್ವಾಂಟಂ ವಿಭಾಗದ ಜೊತೆ ಸೇರಿ ಕ್ವಾಂಟಿನ್ಯುಯಂ ಆಯಿತು. ಒಳಗೆ ಸಿ++, ಹೊರಗೆ ಪೈಟಿಕೆಟ್ ಅನ್ನುವ ಪೈಥಾನ್ ಮುಖ. ಇದೂ ಅಪಾಚೆ ಲೈಸೆನ್ಸ್‌ನಲ್ಲಿ ತೆರೆದಿದೆ.

ಇದರ ಗಟ್ಟಿತನ ಎರಡು. ಒಂದು, ಶುರುವಿನಿಂದಲೂ ಇದು ಯಾವುದೋ ಒಂದೇ ಯಂತ್ರಕ್ಕೆ ಅಂತ ಬರೆದದ್ದಲ್ಲ, ಬೇರೆ ಬೇರೆ ಕಂಪನಿಗಳಿಗೆ ಬೇರೆ ಬೇರೆ ಎಕ್ಸ್‌ಟೆನ್ಶನ್ ಇವೆ. ಎರಡು, ರಸಾಯನಶಾಸ್ತ್ರದ ಸರ್ಕ್ಯೂಟ್‌ಗಳಲ್ಲಿ ಬರುವ ಪೌಲಿ ತಿರುಗುವಿಕೆ ಅನ್ನುವ ಕ್ರಿಯೆಗಳನ್ನು ಒಟ್ಟುಗೂಡಿಸಿ ಎರಡು-ಕ್ಯೂಬಿಟ್ ಗೇಟ್‌ಗಳನ್ನು ಕಡಿಮೆ ಮಾಡುವ ಪಾಸ್‌ಗಳು ಇದರಲ್ಲಿ ಚೆನ್ನಾಗಿವೆ.

ಅಯಾನ್ ಯಂತ್ರದ ವಿಷಯದಲ್ಲಿ ಒಂದು ಉದಾಹರಣೆ. ಎರಡು ಕ್ಯೂಬಿಟ್‌ಗಳ ಮೇಲೆ ಜೆಡ್-ಜೆಡ್ ತಿರುಗುವಿಕೆ (ಎರಡನ್ನೂ ಒಟ್ಟಿಗೆ ಒಂದು ಕೋನದಷ್ಟು ತಿರುಗಿಸುವ ಕ್ರಿಯೆ) ಬೇಕು ಅನ್ನಿ. ಸಿ-ನಾಟ್ ಮಾತ್ರ ಗೊತ್ತಿರುವ ಯಂತ್ರದಲ್ಲಿ ಅದಕ್ಕೆ ಎರಡು ಸಿ-ನಾಟ್, ನಡುವೆ ಒಂದು ತಿರುಗುವಿಕೆ. ಕ್ವಾಂಟಿನ್ಯುಯಂ ಯಂತ್ರಗಳಲ್ಲಿ ಬೇಕಾದ ಕೋನದ ಜೆಡ್-ಜೆಡ್ ಗೇಟ್ ನೇರವಾಗಿಯೇ ಇದೆ, ಒಂದೇ ಗೇಟ್‌ನಲ್ಲಿ ಮುಗಿಯಿತು. ಕಂಪೈಲರ್ ಮೊದಲೇ ಅವಸರಪಟ್ಟು ಎಲ್ಲವನ್ನೂ ಸಿ-ನಾಟ್‌ಗೆ ಒಡೆದುಬಿಟ್ಟರೆ ಆ ಲಾಭ ಕೈತಪ್ಪಿತು. ಅಲ್ಲದೆ 2024ರಲ್ಲಿ 56 ಕ್ಯೂಬಿಟ್‌ಗೆ ಬೆಳೆದ ಅವರ ಎಚ್2 ಯಂತ್ರದಲ್ಲಿ ಯಾವ ಕ್ಯೂಬಿಟ್ ಬೇಕಾದರೂ ಯಾವುದರ ಜೊತೆ ಬೇಕಾದರೂ ಸೇರಬಹುದು, ಅಲ್ಲಿ ರೌಟಿಂಗ್ ತಲೆನೋವೇ ಇಲ್ಲ. ಅದೇ ಐಬಿಎಂನ 127 ಕ್ಯೂಬಿಟ್ ಈಗಲ್ ಚಿಪ್‌ನಲ್ಲಿ ಒಂದು ಕ್ಯೂಬಿಟ್‌ಗೆ ಹೆಚ್ಚೆಂದರೆ ಮೂರು ನೆರೆಯವರು. ಒಂದೇ ಕಂಪೈಲರ್ ಎರಡಕ್ಕೂ ಒಳ್ಳೆಯದು ಅಂತ ಕಣ್ಣುಮುಚ್ಚಿ ನಂಬಬಾರದು ಅನ್ನಲು ಇದೇ ಕಾರಣ.

ಅವರು ಈಗ ರಸ್ಟ್‌ನಲ್ಲಿ ಹೊಸ ಟಿಕೆಟ್ ಬರೆಯುತ್ತಿದ್ದಾರೆ, ಅದಕ್ಕೆ ಹಗರ್ ಅನ್ನುವ ಹೊಸ ಐಆರ್, ಗಪ್ಪಿ ಅನ್ನುವ ಹೊಸ ಭಾಷೆ. ಹಗರ್‌ನಲ್ಲಿ ಲೂಪ್, ಷರತ್ತು, ಫಂಕ್ಷನ್ ಎಲ್ಲ ಒಳಗೇ ಉಳಿಯುತ್ತವೆ. ಸರ್ಕ್ಯೂಟ್ ಪಟ್ಟಿ ಸಾಲದು ಅನ್ನುವುದು ಅವರಿಗೂ ಗೊತ್ತಾಗಿದೆ ಅಂತ ಅರ್ಥ.

ಎಂಎಲ್‌ಐಆರ್ ದಾರಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ನನ್ನ ಮಟ್ಟಿಗೆ ಮುಂದಿನ ಹತ್ತು ವರ್ಷದ ಕೆಲಸ ಇರುವುದು ಇಲ್ಲೇ.

ಎಲ್‌ಎಲ್‌ವಿಎಂ ಅನ್ನುವ ಕಂಪೈಲರ್ ಚೌಕಟ್ಟು 2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಇವತ್ತು ಕ್ಲ್ಯಾಂಗ್, ರಸ್ಟ್, ಸ್ವಿಫ್ಟ್ ಎಲ್ಲ ಅದರ ಮೇಲೆ ನಿಂತಿವೆ. ಅದರ ಒಳಗೇ ಸೇರಿಕೊಂಡ ಎಂಎಲ್‌ಐಆರ್ ಅನ್ನು ಗೂಗಲ್ 2019ರಲ್ಲಿ ಹೊರತಂದಿತು. ಒಂದೇ ಐಆರ್ ಬದಲು, ನಮಗೆ ಬೇಕಾದ ಮಟ್ಟದ ಐಆರ್‌ಗಳನ್ನು ನಾವೇ ಮಾಡಿಕೊಳ್ಳಲು ಕೊಟ್ಟ ಚೌಕಟ್ಟು ಅದು. ಪ್ರತಿ ಮಟ್ಟಕ್ಕೂ ಡಯಲೆಕ್ಟ್ ಅನ್ನುತ್ತಾರೆ. ಲೂಪ್‌ಗೆ ಒಂದು ಡಯಲೆಕ್ಟ್, ಮಾಮೂಲಿ ಲೆಕ್ಕಕ್ಕೆ ಇನ್ನೊಂದು, ಕ್ವಾಂಟಂ ಗೇಟ್‌ಗೆ ಮತ್ತೊಂದು, ಎಲ್ಲ ಒಂದೇ ಫೈಲ್‌ನಲ್ಲಿ ಒಟ್ಟಿಗೆ ಇರಬಹುದು. ಮೇಲಿನ ಮಟ್ಟದಿಂದ ಕೆಳಗೆ ಒಂದೊಂದೇ ಮೆಟ್ಟಿಲು ಇಳಿಸುತ್ತಾ ಬರುತ್ತೇವೆ.

ಮೇಲೆ ಹೇಳಿದ 1,000 ಸುತ್ತಿನ ಲೂಪ್ ಇಲ್ಲಿ ಲೂಪ್ ಆಗಿಯೇ ಉಳಿಯುತ್ತದೆ. ಒಳಗಿನ ಒಂದು ಸುತ್ತನ್ನು ಚೆನ್ನಾಗಿ ಆಪ್ಟಿಮೈಸ್ ಮಾಡಿದರೆ ಸಾವಿರಕ್ಕೂ ಮಾಡಿದ ಹಾಗೆ. ಕಂಪೈಲ್ ಸಮಯ ಸುತ್ತುಗಳ ಸಂಖ್ಯೆಯ ಜೊತೆ ಏರುವುದಿಲ್ಲ. ದೊಡ್ಡ ಮಟ್ಟಕ್ಕೆ ಬೆಳೆಯಬಲ್ಲ ಕಂಪೈಲರ್ ಅಂದರೆ ನನ್ನ ಲೆಕ್ಕದಲ್ಲಿ ಮೊದಲು ಇದು.

ಇನ್ನೊಂದು ಸೂಕ್ಷ್ಮ. ಒಂದು ಕ್ಯೂಬಿಟ್ ಮೇಲೆ ಹಡಮಾರ್ಡ್ ಗೇಟ್ ಬೆನ್ನುಬೆನ್ನಿಗೆ ಎರಡು ಸಲ ಬಂದರೆ ಎರಡನ್ನೂ ಅಳಿಸಬಹುದು, ಪರಿಣಾಮ ಸೊನ್ನೆ. ಐಆರ್‌ನಲ್ಲಿ ಕ್ಯೂಬಿಟ್ ಅಂದರೆ ಒಂದು ಮೆಮೊರಿ ಜಾಗದ ವಿಳಾಸ ಆಗಿದ್ದರೆ, ಆ ಎರಡರ ನಡುವೆ ಬೇರೆ ಯಾರೂ ಆ ಕ್ಯೂಬಿಟ್ ಮುಟ್ಟಿಲ್ಲ ಅಂತ ಕಂಪೈಲರ್ ಸಾಲುಸಾಲು ಹುಡುಕಿ ಖಚಿತ ಮಾಡಿಕೊಳ್ಳಬೇಕು. ಅದರ ಬದಲು ಕ್ಯೂಬಿಟ್ ಅನ್ನುವುದು ಹರಿಯುವ ಬೆಲೆ (ವ್ಯಾಲ್ಯೂ) ಆಗಿದ್ದರೆ, ಅಂದರೆ ಗೇಟ್ ಒಂದು ಕ್ಯೂಬಿಟ್ ತೆಗೆದುಕೊಂಡು ಹೊಸ ಕ್ಯೂಬಿಟ್ ಬೆಲೆ ಕೊಡುವ ಹಾಗೆ ಬರೆದಿದ್ದರೆ, ಎರಡನೇ ಹಡಮಾರ್ಡ್‌ನ ಒಳಬರುವ ಬೆಲೆ ಎಲ್ಲಿಂದ ಬಂತು ಅಂತ ಒಂದು ಹೆಜ್ಜೆ ಹಿಂದೆ ನೋಡಿದರೆ ಸಾಕು. ಅಲ್ಲೂ ಹಡಮಾರ್ಡ್ ಇದೆಯಾ? ಎರಡನ್ನೂ ಕಿತ್ತುಹಾಕು. ಕ್ಯೂಬಿಟ್ ನಕಲು ಮಾಡಲಾಗದು ಅನ್ನುವ ಭೌತಶಾಸ್ತ್ರದ ನಿಯಮವೂ ಇಲ್ಲಿ ಸಹಜವಾಗಿ ಕೂರುತ್ತದೆ: ಪ್ರತಿ ಬೆಲೆಯನ್ನು ಒಂದೇ ಸಲ ಬಳಸಬೇಕು, ಎರಡು ಸಲ ಬಳಸಿದರೆ ಪ್ರೋಗ್ರಾಂ ತಪ್ಪು. ಈ ಬಗೆಯ ಆಯ್ಕೆಗಳನ್ನು ಐಆರ್ ರೂಪಿಸುವ ದಿನವೇ ಮಾಡಬೇಕಾಗುತ್ತದೆ, ಆಮೇಲೆ ತೇಪೆ ಹಾಕಲು ಬರುವುದಿಲ್ಲ.

ಬಳಕೆಗೆ ಸಿಗುವ ಎರಡು ದೊಡ್ಡ ಆಯ್ಕೆ ಅಂದರೆ ಕೆನಡಾದ ಕ್ಸನಾಡು ಕಂಪನಿಯ ಕ್ಯಾಟಲಿಸ್ಟ್ ಮತ್ತು ಎನ್‌ವಿಡಿಯಾದ ಕುಡಾ-ಕ್ಯೂ. ಕ್ಯಾಟಲಿಸ್ಟ್ ಅದೇ ಕಂಪನಿಯ ಪೆನ್ನಿಲೇನ್ ಅನ್ನುವ ಪೈಥಾನ್ ಲೈಬ್ರರಿ ಜೊತೆ ಬರುತ್ತದೆ, ಪೈಥಾನ್ ಫಂಕ್ಷನ್ ಮೇಲೆ ಒಂದು ಗುರುತು ಹಾಕಿದರೆ ಲೂಪ್, ಷರತ್ತು ಸಮೇತ ಇಡೀ ಪ್ರೋಗ್ರಾಂ ಕಂಪೈಲ್ ಆಗುತ್ತದೆ. ಗೇಟ್‌ಗಳಿಗೆ ಹರಿಯುವ ಬೆಲೆಯ ರೂಪವನ್ನೇ ಬಳಸುತ್ತದೆ. ಕ್ವಾಂಟಂ ಜೊತೆ ಮಶೀನ್ ಲರ್ನಿಂಗ್ ಬೆರೆಸುವವರಿಗೆ, ಅಂದರೆ ಗ್ರೇಡಿಯಂಟ್ ಬೇಕಾದವರಿಗೆ ಇದು ಹೇಳಿ ಮಾಡಿಸಿದ್ದು. ಕುಡಾ-ಕ್ಯೂನಲ್ಲಿ ಸಿ++ ಮತ್ತು ಪೈಥಾನ್ ಎರಡರಲ್ಲೂ ಬರೆಯಬಹುದು. ಅದರ ಕ್ವೇಕ್ ಡಯಲೆಕ್ಟ್‌ನಲ್ಲಿ ಮೆಮೊರಿ ರೂಪ, ಬೆಲೆಯ ರೂಪ ಎರಡೂ ಇವೆ, ಒಂದರಿಂದ ಇನ್ನೊಂದಕ್ಕೆ ತಿರುಗಿಸುತ್ತಾರೆ. ಹೆಸರಿನಲ್ಲಿ ಕುಡಾ ಇದ್ದರೂ ಜಿಪಿಯು ಇಲ್ಲದೆಯೂ ಸಿಪಿಯು ಮೇಲೆ ಓಡುತ್ತದೆ. ಸಿ++ ಬಲ್ಲವರು, ಸೂಪರ್‌ಕಂಪ್ಯೂಟರ್ ಕಡೆ ಹೋಗುವ ಮನಸ್ಸಿರುವವರು ಇದನ್ನು ಹಿಡಿಯಲಿ. ಉಳಿದವರಿಗೆ ಕ್ಯಾಟಲಿಸ್ಟ್ ಹತ್ತಿರ. ಎರಡೂ ಲಿನಕ್ಸ್ ಮೇಲೆ ಓಡುತ್ತವೆ, ವಿಂಡೋಸ್ ಇದ್ದರೆ ಡಬ್ಲ್ಯೂಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಒಳಗೆ ಹಾಕಿಕೊಳ್ಳಿ.

ಕಷ್ಟ ಎಲ್ಲಿ ಅಂದರೆ, ಎಂಎಲ್‌ಐಆರ್ ಕಲಿಯುವುದು ಸುಲಭ ಅಲ್ಲ. ಸಿ++ ಟೆಂಪ್ಲೇಟ್, ಟೇಬಲ್‌ಜೆನ್ ಅನ್ನುವ ಬೇರೆಯದೇ ಭಾಷೆ, ಆರು ತಿಂಗಳಿಗೊಮ್ಮೆ ಬರುವ ಹೊಸ ಎಲ್‌ಎಲ್‌ವಿಎಂ ಆವೃತ್ತಿ. ಅದರ ಸಿ++ ಇಂಟರ್‌ಫೇಸ್ ಹಾಗೇ ಉಳಿಯುತ್ತದೆ ಅನ್ನುವ ಭರವಸೆ ಇಲ್ಲ. ಹಾಗಾಗಿ ಒಂದು ಕಮಿಟ್ ಹಿಡಿದು ಅದಕ್ಕೇ ಅಂಟಿಕೊಳ್ಳಿ, ಬದಲಾಯಿಸುವ ದಿನ ನೀವೇ ಆರಿಸಿ.

8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ಎಲ್‌ಎಲ್‌ವಿಎಂ ಕಟ್ಟಲು ಹೊರಟರೆ ಲಿಂಕ್ ಮಾಡುವ ಹಂತದಲ್ಲಿ ಮೆಮೊರಿ ಮುಗಿದು ನಿಲ್ಲುತ್ತದೆ. ಡೀಬಗ್ ಬಿಲ್ಡ್ ಬೇಡ, ರಿಲೀಸ್ ಬಿಲ್ಡ್ ಮಾಡಿ. ಪ್ರಾಜೆಕ್ಟ್‌ಗಳಲ್ಲಿ ಎಂಎಲ್‌ಐಆರ್ ಒಂದನ್ನೇ, ಟಾರ್ಗೆಟ್‌ಗಳಲ್ಲಿ ನಿಮ್ಮ ಯಂತ್ರದ್ದೊಂದನ್ನೇ ಆರಿಸಿ, ಏಕಕಾಲದ ಲಿಂಕ್ ಕೆಲಸವನ್ನು ಒಂದಕ್ಕೆ ಇಳಿಸಿ, ಎಲ್‌ಎಲ್‌ಡಿ ಲಿಂಕರ್ ಬಳಸಿ. ನಡುವೆ ಕರೆಂಟು ಹೋದರೂ ಗಾಬರಿ ಬೇಡ, ನಿಂಜಾ ಅನ್ನುವ ಬಿಲ್ಡ್ ಸಾಧನ ಬಿಟ್ಟ ಜಾಗದಿಂದ ಮುಂದುವರಿಸುತ್ತದೆ. ಇಷ್ಟೂ ಬೇಡ ಅನ್ನುವವರಿಗೆ ಎಕ್ಸ್‌ಡಿಎಸ್‌ಎಲ್ ಇದೆ: ಎಂಎಲ್‌ಐಆರ್‌ನದೇ ಯೋಚನೆ, ಆದರೆ ಪೂರ್ತಿ ಪೈಥಾನ್‌ನಲ್ಲಿ. ಡಯಲೆಕ್ಟ್ ಬರೆಯುವುದು, ಪಾಸ್ ಬರೆಯುವುದು ಎಲ್ಲ ಅಲ್ಲೇ ಕಲಿಯಬಹುದು, ಅದರ ಪಠ್ಯರೂಪವನ್ನು ನಿಜವಾದ ಎಂಎಲ್‌ಐಆರ್‌ಗೆ ಕೊಟ್ಟು ತೆಗೆದುಕೊಳ್ಳಬಹುದು. ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಇದನ್ನೇ ಮೊದಲು ಹೇಳುತ್ತೇನೆ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ದೋಷ ತಿದ್ದುವ ಯಂತ್ರಗಳು ಬಂದಾಗ ಗೇಟ್‌ಗಳ ಲೆಕ್ಕವೇ ಬೇರೆ. ಅಲ್ಲಿ ಯಾವುದೋ ಒಂದು ಕೋನದ ತಿರುಗುವಿಕೆಯನ್ನು ನೇರ ಮಾಡಲು ಬರುವುದಿಲ್ಲ, ಕ್ಲಿಫರ್ಡ್ ಮತ್ತು ಟಿ ಅನ್ನುವ ಕೆಲವೇ ನಿಗದಿತ ಗೇಟ್‌ಗಳಿಂದ ಹತ್ತಿರಕ್ಕೆ ತರಬೇಕು. ಸಾವಿರ ಕೋಟಿಯಲ್ಲಿ ಒಂದು ಭಾಗದಷ್ಟು ನಿಖರತೆ ಬೇಕಾದರೆ ಒಂದು ತಿರುಗುವಿಕೆಗೆ ಸುಮಾರು 100 ಟಿ ಗೇಟ್ ಆಗುತ್ತದೆ. ಜೊತೆಗೆ ಸೂಪರ್‌ಕಂಡಕ್ಟರ್ ಯಂತ್ರದಲ್ಲಿ ಸುಮಾರು ಒಂದು ಮೈಕ್ರೋಸೆಕೆಂಡ್‌ಗೆ ಒಂದು ಸಲ ಅಳತೆ ಬರುತ್ತಾ ಇರುತ್ತದೆ, ಅದನ್ನು ಮಾಮೂಲಿ ಕಂಪ್ಯೂಟರ್ ಓದಿ ಮುಂದಿನದನ್ನು ಹೇಳಬೇಕು. ಇದನ್ನೆಲ್ಲ ಚಪ್ಪಟೆ ಪಟ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ.

ಕ್ಯೂಐಆರ್, ಓಪನ್‌ಕ್ಯಾಸಮ್

ಇವನ್ನು ಚುಟುಕಾಗಿ ನೋಡೋಣ. ಕ್ಯೂಐಆರ್ ಅಂದರೆ ಎಲ್‌ಎಲ್‌ವಿಎಂ ಐಆರ್‌ನ ಮೇಲೆಯೇ ಕ್ವಾಂಟಂಗೆ ಒಂದಿಷ್ಟು ಒಪ್ಪಿದ ಹೆಸರು, ನಿಯಮ. ಮೈಕ್ರೋಸಾಫ್ಟ್ 2020ರಲ್ಲಿ ಹೇಳಿತು, ಮರುವರ್ಷ ಅದಕ್ಕೊಂದು ಒಕ್ಕೂಟ ಆಯಿತು. ಅದರ ಬೇಸ್ ಪ್ರೊಫೈಲ್‌ನಲ್ಲಿ ಗೇಟ್‌ಗಳೆಲ್ಲ ಮೊದಲು, ಅಳತೆ ಕೊನೆಗೆ. ಅಳೆದು ಷರತ್ತು ಹಾಕುವುದು ಬೇಕಿದ್ದರೆ ಅಡಾಪ್ಟಿವ್ ಪ್ರೊಫೈಲ್. ಕ್ಯಾಟಲಿಸ್ಟ್, ಕುಡಾ-ಕ್ಯೂ ಎರಡೂ ಕೊನೆಗೆ ಈ ಕಡೆಗೇ ಇಳಿಯುತ್ತವೆ. ಓಪನ್‌ಕ್ಯಾಸಮ್ ಮನುಷ್ಯರು ಓದಿ ಬರೆಯಬಹುದಾದ್ದು. 2017ರ ಎರಡನೇ ಆವೃತ್ತಿಯಲ್ಲಿ ಲೂಪ್ ಇರಲಿಲ್ಲ, 2021ರಲ್ಲಿ ವಿವರಿಸಿದ ಮೂರನೆಯದರಲ್ಲಿ ಲೂಪ್, ಫಂಕ್ಷನ್, ಸಮಯದ ಲೆಕ್ಕ ಎಲ್ಲ ಇವೆ. ನನ್ನ ಸಲಹೆ: ಒಳಬರುವ ಬಾಗಿಲಿಗೆ ಓಪನ್‌ಕ್ಯಾಸಮ್, ಹೊರಹೋಗುವ ಬಾಗಿಲಿಗೆ ಕ್ಯೂಐಆರ್. ಆಪ್ಟಿಮೈಸೇಶನ್ ಮಾತ್ರ ಎರಡರಲ್ಲೂ ಮಾಡಬೇಡಿ, ಅದನ್ನು ನಡುವೆ ಮುಗಿಸಿಕೊಳ್ಳಿ. ಎಲ್‌ಎಲ್‌ವಿಎಂ ಮಟ್ಟಕ್ಕೆ ಇಳಿದ ಮೇಲೆ ಗೇಟ್ ಅನ್ನುವುದು ಬರೀ ಒಂದು ಫಂಕ್ಷನ್ ಕರೆ, ಅದರ ಅರ್ಥ ಅಲ್ಲಿನ ಪಾಸ್‌ಗಳಿಗೆ ಗೊತ್ತಿಲ್ಲ.

ಗೂಗಲ್‌ನ ಸರ್ಕ್ ಒಳ್ಳೆಯ ಸಂಶೋಧನಾ ಸಾಧನ, ಆದರೆ ಗೂಗಲ್ ಯಂತ್ರದ ಮೇಲೆ ನಿಮಗೆ ಸಮಯ ಸಿಗದಿದ್ದರೆ ಅದರಿಂದ ವಿಶೇಷ ಲಾಭ ಇಲ್ಲ. ಬರ್ಕ್ಲಿ ಲ್ಯಾಬ್‌ನ ಬಿಕ್ಯೂಎಸ್‌ಕಿಟ್ ಸಂಖ್ಯಾತ್ಮಕವಾಗಿ ಸರ್ಕ್ಯೂಟ್ ಹುಡುಕುತ್ತದೆ. ಸಣ್ಣ ತುಂಡುಗಳನ್ನು ಬಹಳ ಚಿಕ್ಕದಾಗಿಸುತ್ತದೆ, ಸಮಯ ಜಾಸ್ತಿ ತಿನ್ನುತ್ತದೆ. ಬೇರೆ ಕಂಪೈಲರ್ ಜೊತೆ ಕೊನೆಯ ಹಂತದಲ್ಲಿ ಸೇರಿಸಿಕೊಳ್ಳಿ.

ನಿಮ್ಮ ಹತ್ತಿರ ಏನಿದೆ, ನೀವು ಯಾರು

"ನಮ್ಮ ಕಾಲೇಜಲ್ಲಿ ಕ್ವಾಂಟಂ ಯಂತ್ರ ಇಲ್ಲ ಸರ್, ಹೆಂಗೆ ಮಾಡೋದು?" ಅಂತ ಚಿತ್ರದುರ್ಗದ ಹುಡುಗರೂ ಕೇಳುತ್ತಾರೆ, ಇಲ್ಲಿಯವರೂ ಕೇಳುತ್ತಾರೆ. ಓಡಿಸುವುದು ಬೇರೆ, ಕಂಪೈಲ್ ಮಾಡುವುದು ಬೇರೆ. ಸಿಮ್ಯುಲೇಟರ್‌ನಲ್ಲಿ 28 ಕ್ಯೂಬಿಟ್ ಪೂರ್ತಿ ಹಿಡಿಯಲು 4 ಜಿಬಿ ಬೇಕು, 30ಕ್ಕೆ 16 ಜಿಬಿ, ಒಂದೊಂದು ಕ್ಯೂಬಿಟ್‌ಗೂ ಎರಡರಷ್ಟು. ಆದರೆ 1,000 ಕ್ಯೂಬಿಟ್‌ನ ಸರ್ಕ್ಯೂಟ್ ಅನ್ನು ಕಂಪೈಲ್ ಮಾಡಿ, ಎರಡು-ಕ್ಯೂಬಿಟ್ ಗೇಟ್ ಎಷ್ಟು, ಆಳ (ಒಂದರ ನಂತರ ಒಂದು ನಡೆಯಬೇಕಾದ ಹಂತಗಳು) ಎಷ್ಟು, ಎಷ್ಟು ಸೆಕೆಂಡ್ ಹಿಡಿಯಿತು ಅಂತ ಅಳೆಯಲು ನಿಮ್ಮ ಲ್ಯಾಪ್‌ಟಾಪೇ ಸಾಕು. ಕಂಪೈಲರ್ ಸಂಶೋಧನೆಯ ಬಹುಪಾಲು ಪ್ರಶ್ನೆಗಳಿಗೆ ಇಷ್ಟೇ ಬೇಕಾದ್ದು. ನಿಜವಾದ ಯಂತ್ರ ಮುಟ್ಟಲೇಬೇಕು ಅಂದರೆ ಐಬಿಎಂನ ಉಚಿತ ಯೋಜನೆಯಲ್ಲಿ ತಿಂಗಳಿಗೆ ಸುಮಾರು 10 ನಿಮಿಷ ಸಿಗುತ್ತದೆ. ಕಂಪೈಲ್ ಎಲ್ಲ ಮನೆಯಲ್ಲೇ ಮುಗಿಸಿಕೊಂಡು ಹೋದರೆ ಆ ಹತ್ತು ನಿಮಿಷ ಕಡಿಮೆಯೇನಲ್ಲ.

ಕೊನೆಯ ವರ್ಷದ ತಂಡಕ್ಕೆ: ಕ್ವಿಸ್ಕಿಟ್ ಪ್ಲಗಿನ್. ಅದರಲ್ಲೂ ಒಂದು ಪ್ರಶ್ನೆ ಹಿಡಿಯಿರಿ, ಇಡೀ ಕಂಪೈಲರ್ ಬರೆಯುತ್ತೇವೆ ಅಂತ ಸಿನಾಪ್ಸಿಸ್‌ನಲ್ಲಿ ಬರೆಯಬೇಡಿ. ತಂಡದಲ್ಲಿ ಒಬ್ಬರಾದರೂ ಕಂಪೈಲರ್ ವಿಷಯವನ್ನು ಪ್ರೀತಿಯಿಂದ ಓದಿದವರಿದ್ದರೆ ಎಕ್ಸ್‌ಡಿಎಸ್‌ಎಲ್‌ನಲ್ಲಿ ಒಂದು ಪುಟ್ಟ ಕ್ವಾಂಟಂ ಡಯಲೆಕ್ಟ್ ಮಾಡಿ, ಹಡಮಾರ್ಡ್ ಅಳಿಸುವ ಪಾಸ್‌ನಿಂದ ಶುರು ಮಾಡಿ.

ಪಾಠ ಮಾಡುವ ಮೇಡಂ, ಸರ್‌ಗಳಿಗೆ: ಮೊದಲ ಎರಡು ವಾರ ಹುಡುಗರಿಂದ ಸೊನ್ನೆಯಿಂದಲೇ ಬರೆಯಿಸಿ. ಓಪನ್‌ಕ್ಯಾಸಮ್ ಎರಡರ ಒಂದು ಸಣ್ಣ ಭಾಗ ಓದುವುದು, ಸಾಲಿನಲ್ಲಿರುವ ಐದು ಕ್ಯೂಬಿಟ್‌ಗೆ ರೌಟ್ ಮಾಡುವುದು, ಅಷ್ಟೇ. ಸ್ವಂತ ಕಂಪೈಲರ್‌ಗೆ ಇದಕ್ಕಿಂತ ಒಳ್ಳೆಯ ಉಪಯೋಗ ಇಲ್ಲ. ಆಮೇಲೆ ಅದೇ ಸರ್ಕ್ಯೂಟ್‌ಗಳನ್ನು ಕ್ವಿಸ್ಕಿಟ್‌ಗೂ ಟಿಕೆಟ್‌ಗೂ ಕೊಟ್ಟು ಗೇಟ್ ಲೆಕ್ಕ ಪಕ್ಕಪಕ್ಕ ಇಡಿಸಿ.

ಕಂಪನಿ ಕಟ್ಟುವ ಕನಸಿರುವ ಸಣ್ಣ ತಂಡಕ್ಕೆ: ಎಂಎಲ್‌ಐಆರ್, ಬೇರೆ ಮಾತಿಲ್ಲ. ಕ್ಯಾಟಲಿಸ್ಟ್ ಅಥವಾ ಕುಡಾ-ಕ್ಯೂನ ಡಯಲೆಕ್ಟ್ ಅನ್ನೇ ಬಳಸಿ, ನಿಮ್ಮದು ಅಂತ ಹೊಸ ಡಯಲೆಕ್ಟ್ ಮಾಡುವುದಾದರೆ ಯಂತ್ರಕ್ಕೆ ತೀರ ಹತ್ತಿರದ ಕೊನೆ ಮಟ್ಟದಲ್ಲಿ ಮಾತ್ರ ಮಾಡಿ. ಗ್ರಾಹಕರು ಕೇಳುವ ಮೊದಲ ಪ್ರಶ್ನೆ ನಿಮ್ಮ ಅಲ್ಗಾರಿದಂ ಎಷ್ಟು ಚೆಂದ ಅನ್ನುವುದಲ್ಲ, ಮುಂದಿನ ವರ್ಷ ನಮ್ಮ ಚಿಪ್ ಬದಲಾದರೆ ಎಷ್ಟು ದಿನದಲ್ಲಿ ಹೊಂದಿಸಿ ಕೊಡುತ್ತೀರಿ ಅನ್ನುವುದು.

ಪರೀಕ್ಷೆ

ಯಾವುದನ್ನೇ ಆರಿಸಿದರೂ, ಕಂಪೈಲ್ ಆದದ್ದು ಮೂಲದ ಅರ್ಥವನ್ನೇ ಉಳಿಸಿಕೊಂಡಿದೆಯಾ ಅಂತ ನೋಡುವುದನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿ. ಹತ್ತು ಕ್ಯೂಬಿಟ್‌ವರೆಗೆ ಎರಡರ ಮ್ಯಾಟ್ರಿಕ್ಸ್ ಹೋಲಿಸಿದರೆ ಆಯಿತು. ಒಟ್ಟಾರೆ ಫೇಸ್ ವ್ಯತ್ಯಾಸ (ಅಳತೆಯಲ್ಲಿ ಎಂದೂ ಕಾಣದ ಸಾಮಾನ್ಯ ಗುಣಕ) ಬಿಟ್ಟು ನೋಡಬೇಕು, ರೌಟಿಂಗ್‌ನಿಂದ ಜಾಗ ಬದಲಾದ ಕ್ಯೂಬಿಟ್‌ಗಳನ್ನು ವಾಪಸ್ ಹೊಂದಿಸಿಕೊಂಡು ನೋಡಬೇಕು, ಇಲ್ಲವಾದರೆ ಸರಿ ಇದ್ದದ್ದೂ ತಪ್ಪು ಅಂತ ಕಾಣುತ್ತದೆ. ದೊಡ್ಡದಕ್ಕೆ ಎರಡು ಉಪಾಯ. ಮ್ಯೂನಿಕ್‌ನ ತಂಡದ ಎಂಕ್ಯೂಟಿ ಸಾಧನಗಳಲ್ಲಿ ಸಮಾನತೆ ಪರೀಕ್ಷಿಸುವ ಕ್ಯೂಸಿಇಸಿ ಇದೆ. ಇನ್ನೊಂದು, ಕ್ಲಿಫರ್ಡ್ ಗೇಟ್‌ಗಳು ಮಾತ್ರ ಇರುವ ಸರ್ಕ್ಯೂಟ್‌ಗಳನ್ನು ರ‍್ಯಾಂಡಮ್ ಆಗಿ ಹುಟ್ಟಿಸಿ ನಿಮ್ಮ ಕಂಪೈಲರ್‌ಗೆ ಕೊಡುವುದು. ಅವನ್ನು ಮಾಮೂಲಿ ಕಂಪ್ಯೂಟರ್‌ನಲ್ಲಿ ಬೇಗ ಲೆಕ್ಕ ಹಾಕಬಹುದು, 2021ರಲ್ಲಿ ಬಂದ ಸ್ಟಿಮ್ ಅನ್ನುವ ಸಾಧನ ಸಾವಿರಾರು ಕ್ಯೂಬಿಟ್ ಇದ್ದರೂ ಲ್ಯಾಪ್‌ಟಾಪ್‌ನಲ್ಲೇ ಮಾಡಿಬಿಡುತ್ತದೆ. ಪ್ರತಿ ಕಮಿಟ್‌ಗೂ ಇಂಥ ನೂರು ಸರ್ಕ್ಯೂಟ್ ತಾನಾಗಿ ಓಡುವ ಹಾಗೆ ಇಟ್ಟುಬಿಡಿ, ತಪ್ಪಿದ್ದರ ಸೀಡ್ ಅನ್ನು ಫೈಲ್‌ನಲ್ಲಿ ಬರೆದಿಡಿ. ಎಂಕ್ಯೂಟಿ ಬೆಂಚ್‌ನ ಸರ್ಕ್ಯೂಟ್‌ಗಳನ್ನು ವೇಗ ಮತ್ತು ಗೇಟ್ ಲೆಕ್ಕದ ಹೋಲಿಕೆಗೆ ಬಳಸಿ, ಕ್ವಿಸ್ಕಿಟ್‌ನ ಯಾವ ಆವೃತ್ತಿ, ಯಾವ ಆಪ್ಟಿಮೈಸೇಶನ್ ಮಟ್ಟ, ಯಾವ ಸೀಡ್ ಅನ್ನುವುದನ್ನು ಪ್ರತಿ ಅಂಕಿಯ ಪಕ್ಕದಲ್ಲೇ ನಮೂದಿಸಿ.